ಉರಿಯುವ ಮನೆಯಲ್ಲಿ ಗಳ ಹಿರಿದವರು

2017ರ ಸೆಪ್ಟೆಂಬರ್ 6ರ ನಸುಕಿನಲ್ಲಿ ಇರ್ಮಾ ಚಂಡಮಾರುತ ಕೆರಿಬಿಯನ್ ಕಡಲಿನ ಬಾರ್ಬುಡಾ ದ್ವೀಪದ ನೆತ್ತಿಯ ಮೇಲೆಯೇ ಹಾದುಹೋಯಿತು. ಗಾಳಿಯ ವೇಗ ಗಂಟೆಗೆ ಸುಮಾರು 285 ಕಿಲೋಮೀಟರ್. ಬೆಳಗಾಗುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಮನೆಗಳು ಸೂರು ಕಳೆದುಕೊಂಡಿದ್ದವು, ಇಲ್ಲವೇ ನೆಲಕಚ್ಚಿದ್ದವು. ಎರಡು ವರ್ಷದ ಒಂದು ಕೂಸು ತೀರಿಕೊಂಡಿತ್ತು. ಹಿಂದೆಯೇ ಹೋಸೆ ಎಂಬ ಇನ್ನೊಂದು ಚಂಡಮಾರುತ ಬರುತ್ತಿದೆ ಎಂಬ ಎಚ್ಚರಿಕೆ ಬಂತು. ಸರ್ಕಾರ ಇಡೀ ದ್ವೀಪದ ಜನರನ್ನು, ಎರಡು ಸಾವಿರವೂ ತುಂಬದ ಆ ಪುಟ್ಟ ಸಮುದಾಯವನ್ನು, ಸುಮಾರು ಐವತ್ತು ಕಿಲೋಮೀಟರ್ ದೂರದ ಆಂಟಿಗಾಕ್ಕೆ ಸಾಗಿಸಿತು. ಮುನ್ನೂರು ವರ್ಷಗಳಲ್ಲಿ ಮೊದಲ ಸಲ ಬಾರ್ಬುಡಾದಲ್ಲಿ ಮನುಷ್ಯರಿರಲಿಲ್ಲ. ಹೋಸೆ ದ್ವೀಪವನ್ನು ಮುಟ್ಟದೆ ಪಕ್ಕಕ್ಕೆ ಸರಿದುಹೋಯಿತು. ಆದರೆ ಜನರಿಗೆ ಮನೆಗೆ ಮರಳುವ ದಾರಿ ಕೂಡಲೇ ತೆರೆಯಲಿಲ್ಲ.

ಅವರಿನ್ನೂ ಆಂಟಿಗಾದ ಶಿಬಿರಗಳಲ್ಲಿ, ಕ್ರಿಕೆಟ್ ಕ್ರೀಡಾಂಗಣದ ಕೋಣೆಗಳಲ್ಲಿ, ನೆಂಟರ ಮನೆಗಳಲ್ಲಿ ದಿನ ಎಣಿಸುತ್ತಿದ್ದಾಗ ಬಾರ್ಬುಡಾದಲ್ಲಿ ಬುಲ್ಡೋಜರ್‌ಗಳು ಇಳಿದವು. ಬಿದ್ದ ಮನೆ ಎತ್ತುವುದಕ್ಕೆ ಅವು ಬಂದಿರಲಿಲ್ಲ. ಶಾಲೆಗೆ ಸೂರು ಹೊದಿಸುವುದಕ್ಕೂ ಬಂದಿರಲಿಲ್ಲ. ಕಾಡು ಸವರಿ, ಜನ ತಲೆಮಾರುಗಳಿಂದ ಉತ್ತು ಬಿತ್ತುತ್ತಿದ್ದ ತೋಟದ ನೆಲವನ್ನು ಕೆರೆದು, ದೊಡ್ಡ ವಿಮಾನ ನಿಲ್ದಾಣದ ರನ್‌ವೇಗೆ ಜಾಗ ಮಾಡುವುದಕ್ಕೆ ಬಂದಿದ್ದವು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದು ನಮ್ಮ ಹಿರಿಯರು ಯಾವುದನ್ನು ಕರೆದರೋ ಅದು ಇದೇ. ಮನೆಯವರು ಮಕ್ಕಳು ಮರಿಗಳನ್ನು ಎತ್ತಿಕೊಂಡು ಬೀದಿಗೆ ಓಡಿದ್ದಾರೆ, ಹಿತ್ತಿಲಿನಿಂದ ನುಗ್ಗಿದವನು ಸೂರಿನ ಗಳವನ್ನು ಕಿತ್ತು ಹೆಗಲಿಗೇರಿಸಿಕೊಳ್ಳುತ್ತಿದ್ದಾನೆ.

ಆಂಟಿಗಾ ಎಂದರೆ ಕನ್ನಡಿಗರಿಗೆ ಗೊತ್ತು. 2002ರಲ್ಲಿ ಸೇಂಟ್ ಜಾನ್ಸ್‌ನ ಮೈದಾನದಲ್ಲಿ ನಮ್ಮ ಅನಿಲ್ ಕುಂಬ್ಳೆ ಮುರಿದ ದವಡೆಗೆ ಬಟ್ಟೆ ಬಿಗಿದುಕೊಂಡು ಬಂದು ಬ್ರಯಾನ್ ಲಾರಾನನ್ನು ಔಟ್ ಮಾಡಿದ್ದು ಅಲ್ಲೇ. ವಿವಿಯನ್ ರಿಚರ್ಡ್ಸ್ ಹುಟ್ಟಿದ್ದೂ ಅಲ್ಲೇ. ಆದರೆ ಆ ದೇಶದ ಪೂರ್ಣ ಹೆಸರು ಆಂಟಿಗಾ ಮತ್ತು ಬಾರ್ಬುಡಾ. ‘ಮತ್ತು’ ಆದಮೇಲೆ ಬರುವ ಆ ಇನ್ನೊಂದು ದ್ವೀಪದ ಕಡೆಗೆ ಕ್ರಿಕೆಟ್ ಕ್ಯಾಮೆರಾ ತಿರುಗಲಿಲ್ಲ. 161 ಚದರ ಕಿಲೋಮೀಟರಿನ, ಸುಣ್ಣಕಲ್ಲಿನ, ಚಪ್ಪಟೆ ನೆಲ ಅದು. ಅತಿ ಎತ್ತರದ ಜಾಗವೂ ಸಮುದ್ರಮಟ್ಟದಿಂದ ಐವತ್ತು ಮೀಟರ್ ದಾಟುವುದಿಲ್ಲ. ಇರುವುದು ಒಂದೇ ಊರು. ಆ ಊರಿನ ಹೆಸರು ಕಾಡ್ರಿಂಗ್ಟನ್. ಗುಲಾಮರನ್ನು ಆಳಿದ ಒಡೆಯರ ಮನೆತನದ ಹೆಸರನ್ನೇ ಆ ಗುಲಾಮರ ಮರಿಮಕ್ಕಳು ಇಂದಿಗೂ ವಿಳಾಸದಲ್ಲಿ ಬರೆಯಬೇಕಾಗಿದೆ.

1685ರಲ್ಲಿ ಇಂಗ್ಲೆಂಡಿನ ರಾಜಮನೆತನ ಬಾರ್ಬುಡಾವನ್ನು ಕಾಡ್ರಿಂಗ್ಟನ್ ಮನೆತನಕ್ಕೆ ಗೇಣಿಗೆ ಕೊಟ್ಟಿತು. ಗೇಣಿ ಎಷ್ಟು ಗೊತ್ತೇ? ವರ್ಷಕ್ಕೊಂದು ಕೊಬ್ಬಿದ ಕುರಿ, ಅದೂ ಕೇಳಿದರೆ ಮಾತ್ರ. ಆ ಗೇಣಿ 1870ರವರೆಗೆ ನಡೆಯಿತು. ಒಂದು ಇಡೀ ದ್ವೀಪ, ಅದರ ಮೇಲಿನ ಕಾಡು, ಕೊಳ, ಮೀನು, ಅದರ ಮೇಲೆ ದುಡಿಯುವ ನೂರಾರು ಆಫ್ರಿಕನ್ ಜೀವಗಳು, ಎಲ್ಲಕ್ಕೂ ಸೇರಿ ಒಂದು ಕುರಿ! ಬಾರ್ಬುಡಾದ ಮಣ್ಣು ತೆಳು, ಮಳೆ ಕಡಿಮೆ, ಕಬ್ಬು ಹತ್ತಲಿಲ್ಲ. ಹಾಗಾಗಿ ಆಂಟಿಗಾದ ಕಬ್ಬಿನ ತೋಟಗಳಿಗೆ ಬೇಕಾದ ದನ, ಕುದುರೆ, ಕಟ್ಟಿಗೆ, ಮಾಂಸ, ಚರ್ಮ ಒದಗಿಸುವ ಹಿತ್ತಿಲಾಗಿ ಒಡೆಯರು ಇದನ್ನು ಬಳಸಿದರು. ದ್ವೀಪದಲ್ಲಿ ಬಿಳಿಯರು ಬೆರಳೆಣಿಕೆಯಷ್ಟು. ಬೇಟೆಯಾಡಿದ್ದು, ದನ ಹಿಡಿದದ್ದು, ಬಾವಿ ತೋಡಿದ್ದು, ದೋಣಿ ಕಟ್ಟಿದ್ದು, ಬಂಡೆಗೆ ಬಡಿದು ಒಡೆದ ಹಡಗಿನ ಸರಕು ಎತ್ತಿದ್ದು ಎಲ್ಲ ಗುಲಾಮರೇ. ನೆಲದ ಗುಣ, ನೀರಿನ ಜಾಡು, ಯಾವ ಋತುವಿನಲ್ಲಿ ಏಡಿ ಬಿಲದಿಂದ ಹೊರಡುತ್ತದೆ, ಎಲ್ಲಿ ಗೆಣಸು ಬೇರು ಬಿಡುತ್ತದೆ ಎಂಬುದು ಒಡೆಯನಿಗೆ ತಿಳಿದಿರಲಿಲ್ಲ, ಇವರಿಗೆ ತಿಳಿದಿತ್ತು.

1834ರ ಆಗಸ್ಟ್ 1ರಂದು ಬಿಡುಗಡೆ ಬಂತು. ಬ್ರಿಟಿಷ್ ಸರ್ಕಾರ ತನ್ನ ಸಾಮ್ರಾಜ್ಯದ ಗುಲಾಮರ ಒಡೆಯರಿಗೆ ಎರಡು ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಅದಕ್ಕೆ ಮಾಡಿದ ಸಾಲ ತೀರಿದ್ದು 2015ರಲ್ಲಿ. ಗುಲಾಮರಾಗಿದ್ದವರಿಗೆ ಬಿಡಿಗಾಸೂ ಇಲ್ಲ. ಬಾರ್ಬುಡಾದಲ್ಲಿ ಬಿಡುಗಡೆಯಾದ ಸುಮಾರು ಐನೂರು ಮಂದಿಯ ಪಾಲಿಗೆ ಉಳಿದದ್ದು ಕಾಲ ಕೆಳಗಿನ ನೆಲ ಮಾತ್ರ. ಅವರು ಅದನ್ನು ಹಂಚಿಕೊಳ್ಳಲಿಲ್ಲ, ಬೇಲಿ ಹಾಕಿಕೊಳ್ಳಲಿಲ್ಲ, ಮಾರಲಿಲ್ಲ. ಒಟ್ಟಾಗಿ ಇಟ್ಟುಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಇವತ್ತು ನಾಶವಾಗುತ್ತಿರುವುದು ಯಾವುದು ಎಂದು ತಿಳಿಯದಿದ್ದರೆ ಸಿಟ್ಟು ಬರುವುದಿಲ್ಲ. ಬಾರ್ಬುಡಾದಲ್ಲಿ ಮಗು ಹುಟ್ಟಿತೆಂದರೆ ಆ ಮಗುವಿಗೆ ದ್ವೀಪದಲ್ಲಿ ಪಾಲು ಹುಟ್ಟಿತೆಂದೇ ಅರ್ಥವಾಗಿತ್ತು. ವಯಸ್ಸಿಗೆ ಬಂದವರು ಮನೆ ಕಟ್ಟಲು ಒಂದು ಜಾಗ, ಬೇಸಾಯಕ್ಕೆ ಒಂದು ಜಾಗ, ಅಂಗಡಿಯನ್ನೋ ಕಸುಬನ್ನೋ ನಡೆಸಲು ಒಂದು ಜಾಗ ಕೇಳಿ ಪಡೆಯಬಹುದಿತ್ತು. ಕೊಳ್ಳುವಂತಿರಲಿಲ್ಲ, ಮಾರುವಂತಿರಲಿಲ್ಲ, ಅಡವಿಡುವಂತಿರಲಿಲ್ಲ. ಊರಿನಾಚೆಯ ಪೊದೆಗಾಡಿನಲ್ಲಿ ಜನ ಒಂದಷ್ಟು ಕಾಲ ಒಂದು ತುಣುಕು ಸವರಿ ಗೆಣಸು, ಜೋಳ, ಕುಂಬಳ, ಕಡಲೆಕಾಯಿ ಬೆಳೆದು, ಮಣ್ಣು ದಣಿದಾಗ ಬಿಟ್ಟು ಇನ್ನೊಂದೆಡೆಗೆ ಹೋಗುತ್ತಾರೆ, ಬಿಟ್ಟ ನೆಲ ಮತ್ತೆ ಕಾಡಾಗುತ್ತದೆ. ದನ, ಕುದುರೆ, ಕತ್ತೆಗಳು ಬಿಡುಬೀಸಾಗಿ ಮೇಯುತ್ತವೆ, ಹಳೆಯ ಕಲ್ಲುಗೋಡೆಯ ಬಾವಿಗಳ ಬಳಿ ನೀರಿಗೆ ಬಂದಾಗ ಒಡೆಯರು ಗುರುತು ಹಿಡಿಯುತ್ತಾರೆ. ರಜೆ ಬಂದರೆ ಮನೆಮಂದಿಯೆಲ್ಲ ಕಡಲತೀರದಲ್ಲಿ ಡೇರೆ ಹಾಕಿ ಮೀನು ಸುಟ್ಟು ತಿನ್ನುತ್ತಾರೆ. ಅಜ್ಜ ಮೊಮ್ಮಗನಿಗೆ ಗುಹೆಯ ಬಾಯಿ, ಜಿಂಕೆಯ ಹಾದಿ, ಲಾಬ್‌ಸ್ಟರ್ ಅಡಗುವ ಬಂಡೆ ತೋರಿಸುವುದು ಆಗಲೇ. ನಮ್ಮ ಹಳ್ಳಿಗಳಲ್ಲಿ ಗೋಮಾಳ ಎನ್ನುತ್ತೇವಲ್ಲ, ಅಂಥದ್ದು. ವ್ಯತ್ಯಾಸವೆಂದರೆ ಇಲ್ಲಿ ಊರಿನ ಅಂಚಿನ ಒಂದು ತುಂಡಷ್ಟೇ ಅಲ್ಲ, ಒಂದು ದ್ವೀಪಕ್ಕೆ ದ್ವೀಪವೇ ಗೋಮಾಳ.

ಗುಲಾಮಗಿರಿಯ ಒಡಲಿನಿಂದ ಬಂದ ಜನ ಯಾರ ಅನುಮತಿಯನ್ನೂ ಕೇಳದೆ ಕಟ್ಟಿಕೊಂಡ ಬದುಕು ಇದು. ತಮ್ಮನ್ನೇ ಆಸ್ತಿಯೆಂದು ಲೆಕ್ಕದ ಪುಸ್ತಕದಲ್ಲಿ ಬರೆದಿದ್ದನ್ನು ಕಂಡ ಜನ ಭೂಮಿಯನ್ನು ಆಸ್ತಿಯಾಗಿಸಲು ಒಲ್ಲೆವೆಂದರು. ಇದಕ್ಕಿಂತ ದೊಡ್ಡ ಪರಂಪರೆ ಕೆರಿಬಿಯನ್ ಕಡಲಿನಲ್ಲಿ ಇನ್ನಾವುದಿದೆ? ಇದು ಕಲ್ಲಿನಲ್ಲಿಲ್ಲ, ಕಮಾನಿನಲ್ಲಿಲ್ಲ. ಅದಕ್ಕೇ ಇದನ್ನು ಒಡೆದರೆ ಸದ್ದು ಕೇಳುವುದಿಲ್ಲ.

ಕಲ್ಲುಗಳ ಕತೆ ಬೇರೆ. ಒಡೆಯರ ಕಲ್ಲುಗಳನ್ನು ಜಗತ್ತು ಎಷ್ಟು ಜೋಪಾನ ಮಾಡಿದೆ ನೋಡಿ. ಆಂಟಿಗಾದ ಇಂಗ್ಲಿಷ್ ಹಾರ್ಬರ್‌ನಲ್ಲಿ ಬ್ರಿಟಿಷ್ ನೌಕಾಪಡೆಯ ಹಡಗುಕಟ್ಟೆ ಇದೆ, ನೆಲ್ಸನ್ಸ್ ಡಾಕ್‌ಯಾರ್ಡ್. ಆಫ್ರಿಕನ್ ಗುಲಾಮರ ಬೆನ್ನು ಮುರಿದು ಕಟ್ಟಿಸಿದ್ದು. 2016ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಅಲ್ಲಿ ಸಿರಿವಂತರ ವಿಹಾರನೌಕೆಗಳು ಸಾಲಾಗಿ ನಿಲ್ಲುತ್ತವೆ. ಅದೇ ದ್ವೀಪದ ಬೆಟ್ಟೀಸ್ ಹೋಪ್ ಎಂಬಲ್ಲಿ ಕಾಡ್ರಿಂಗ್ಟನ್‌ರ ಕಬ್ಬಿನ ತೋಟವಿತ್ತು. 1674ರಿಂದ 1944ರವರೆಗೆ, ಇನ್ನೂರ ಎಪ್ಪತ್ತು ವರ್ಷ, ಅದು ಅವರದೇ. ತೋಟದ ಕಬ್ಬು ಅರೆಯುವ ಗಾಳಿಯಂತ್ರವನ್ನು ಚೆನ್ನಾಗಿ ದುರಸ್ತಿ ಮಾಡಿ ನಿಲ್ಲಿಸಿದ್ದಾರೆ, ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಗಾಣದ ಉರುಳೆಗೆ ಕೈ ಸಿಕ್ಕಿಸಿಕೊಂಡವರ ಗುಡಿಸಲುಗಳು ಎಲ್ಲಿದ್ದವು ಎಂದು ಪುರಾತತ್ವಜ್ಞರು ಹುಲ್ಲುಪೊದೆಯ ನಡುವೆ ಹುಡುಕಬೇಕಾಯಿತು.

ಕಡಲಾಚೆ ಹೋಗಿ. ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜಿಗೆ 1710ರಲ್ಲಿ ತೀರಿಕೊಂಡ ಕ್ರಿಸ್ಟೋಫರ್ ಕಾಡ್ರಿಂಗ್ಟನ್ ಹತ್ತು ಸಾವಿರ ಪೌಂಡ್ ಬಿಟ್ಟುಹೋದ. ಆ ಹಣದಿಂದ ಎದ್ದ ಗ್ರಂಥಾಲಯ ಇಂದಿಗೂ ಹೊಳೆಯುತ್ತದೆ. 2020ರಲ್ಲಿ ಕಾಲೇಜು ಅವನ ಹೆಸರನ್ನು ಗ್ರಂಥಾಲಯದಿಂದ ಕೈಬಿಟ್ಟಿತು, ಆದರೆ ಒಳಗೆ ಅವನ ಅಮೃತಶಿಲೆಯ ಪ್ರತಿಮೆ ಇದ್ದಲ್ಲೇ ಇದೆ. ಗ್ಲಾಸ್ಟರ್‌ಶೈರ್‌ನಲ್ಲಿ ಆ ಮನೆತನದ ಡಾಡಿಂಗ್ಟನ್ ಪಾರ್ಕ್ ಎಂಬ ಅರಮನೆಯಂಥ ಬಂಗಲೆ ಇದೆ, ಮೊದಲ ದರ್ಜೆಯ ಸಂರಕ್ಷಿತ ಕಟ್ಟಡ. 2003ರಲ್ಲಿ ಅದನ್ನು ಧೂಳು ಹೀರುವ ಯಂತ್ರಗಳ ಉದ್ಯಮಿ ಜೇಮ್ಸ್ ಡೈಸನ್ ಕೊಂಡರು. ಅದರ ಒಂದು ಕಿಟಕಿಯ ಚೌಕಟ್ಟು ಬದಲಿಸಬೇಕಾದರೂ ಅಧಿಕಾರಿಗಳ ಒಪ್ಪಿಗೆ ಬೇಕು. ಒಡೆಯನ ಕಿಟಕಿಗೆ ಕಾನೂನಿನ ಕಾವಲು. ಆಳಿನ ಮರಿಮಕ್ಕಳ ಇಡೀ ದ್ವೀಪಕ್ಕೆ ಬುಲ್ಡೋಜರ್!

ಹಾಗೆಂದು ಬಾರ್ಬುಡಾದವರಿಗೆ ಕಾನೂನು ಇರಲೇ ಇಲ್ಲವೆಂದಲ್ಲ. ಅವರು ಅದಕ್ಕಾಗಿ ತಲೆಮಾರುಗಟ್ಟಲೆ ಗುದ್ದಾಡಿದ್ದಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವಸಾಹತು ಆಡಳಿತ ಅವರನ್ನು ರಾಜಸತ್ತೆಯ ಒಕ್ಕಲುಗಳೆಂದು ಕಾಗದದ ಮೇಲೆ ಬರೆಯಿತು. 1981ರ ನವೆಂಬರ್ 1ರಂದು ಆಂಟಿಗಾದ ಜೊತೆಗೆ ಸ್ವಾತಂತ್ರ್ಯ ಬಂದಾಗ ಬಾರ್ಬುಡಾದವರು ಬೇಡವೆಂದರು, ತಮ್ಮ ನೆಲವನ್ನು ಆಂಟಿಗಾದ ರಾಜಕಾರಣಿಗಳು ಮಾರಿಬಿಡುತ್ತಾರೆ ಎಂದು ಲಂಡನ್ನಿನವರೆಗೆ ಹೋಗಿ ಮೊರೆಯಿಟ್ಟರು. ಕೊನೆಗೆ 2007ರಲ್ಲಿ ಬಾರ್ಬುಡಾ ಭೂ ಕಾಯ್ದೆ ಬಂತು. ದ್ವೀಪದ ನೆಲವೆಲ್ಲ ಬಾರ್ಬುಡಾ ಜನರ ಸಾಮೂಹಿಕ ಒಡೆತನದ್ದು, ಅದನ್ನು ಮಾರುವಂತಿಲ್ಲ, ದೊಡ್ಡ ಯೋಜನೆಗಳಿಗೆ ಜನರ ಬಹುಮತದ ಒಪ್ಪಿಗೆ ಬೇಕು ಎಂದು ಆ ಕಾಯ್ದೆ ಹೇಳಿತು. ಒಂದೂಮುಕ್ಕಾಲು ಶತಮಾನ ಬದುಕಿ ತೋರಿಸಿದ್ದನ್ನು ಕಾನೂನು ಕೊನೆಗೊಮ್ಮೆ ಒಪ್ಪಿಕೊಂಡಿತು.

ಎಂಟೇ ವರ್ಷಕ್ಕೆ ಮೊದಲ ತೂತು ಬಿತ್ತು. ದ್ವೀಪದ ದಕ್ಷಿಣದಲ್ಲಿ ಹಿಂದೆ ಕೆ ಕ್ಲಬ್ ಎಂಬ ಐಷಾರಾಮಿ ಹೋಟೆಲಿತ್ತು, ಬ್ರಿಟನ್ನಿನ ರಾಜಕುಮಾರಿ ಡಯಾನಾ ಬಂದು ತಂಗುತ್ತಿದ್ದ ಜಾಗ. ಆಕೆ ಕೆಲವು ದಿನ ಬಿಸಿಲು ಕಾಯಿಸಿಕೊಂಡ ಕಡಲತೀರಕ್ಕೆ 2011ರಲ್ಲಿ ಸರ್ಕಾರ ಪ್ರಿನ್ಸೆಸ್ ಡಯಾನಾ ಬೀಚ್ ಎಂದು ಹೆಸರಿಟ್ಟಿತು. ಮುನ್ನೂರು ವರ್ಷ ಆ ಮರಳ ಮೇಲೆ ಬಲೆ ಒಣಗಿಸಿದವರಲ್ಲಿ ಒಬ್ಬರ ಹೆಸರೂ ಅವರಿಗೆ ನೆನಪಾಗಲಿಲ್ಲ. ಮುಚ್ಚಿದ್ದ ಆ ಹೋಟೆಲಿನ ಜಾಗಕ್ಕೆ ಹಾಲಿವುಡ್ ನಟ ರಾಬರ್ಟ್ ಡಿ ನೀರೋ ಮತ್ತು ಆಸ್ಟ್ರೇಲಿಯಾದ ಜೂಜುಕೇಂದ್ರಗಳ ಕುಬೇರ ಜೇಮ್ಸ್ ಪ್ಯಾಕರ್ ಬಂದರು. 2015ರಲ್ಲಿ ಸಂಸತ್ತು ಅವರ ಯೋಜನೆಗಾಗಿಯೇ ಒಂದು ಪ್ರತ್ಯೇಕ ಕಾಯ್ದೆ ಮಾಡಿತು. ಬಾರ್ಬುಡಾ ಭೂ ಕಾಯ್ದೆ ಈ ಯೋಜನೆಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲಿ ಬರೆಯಿತು. ಆ ಕಾಯ್ದೆಯ ಹೆಸರು ‘ಪ್ಯಾರಡೈಸ್ ಫೌಂಡ್’. ಸ್ವರ್ಗ ಸಿಕ್ಕಿತಂತೆ! ಅಲ್ಲಿ ಮೊದಲೇ ಬದುಕುತ್ತಿದ್ದವರು ಸಂಸತ್ತಿನ ಕಣ್ಣಿಗೆ ಕಾಣಲಿಲ್ಲವೇ? ಕೊಲಂಬಸನಿಂದ ಈಚೆಗೆ ಆ ಕಡಲಿಗೆ ಬಂದವರೆಲ್ಲ ಇದೇ ಭಾಷೆ ಆಡಿದ್ದಾರೆ. ತಾವು ಕಂಡದ್ದೇ ಮೊದಲು, ತಮ್ಮ ಮುಂಚೆ ಇದ್ದವರು ಗಿಡಮರದಂತೆ.

ಆಮೇಲೆ ಇರ್ಮಾ ಬಂತು. ಸುಮಾರು ಮೂರು ತಿಂಗಳಿಗೆ, 2017ರ ಡಿಸೆಂಬರ್‌ನಲ್ಲಿ, ಜನರಿನ್ನೂ ಚದುರಿಹೋಗಿದ್ದಾಗ, ಪ್ರಧಾನಿ ಗ್ಯಾಸ್ಟನ್ ಬ್ರೌನ್ ಸರ್ಕಾರ ಭೂ ಕಾಯ್ದೆಗೆ ಕೈ ಹಾಕಿತು. 2018ರಲ್ಲಿ ಇನ್ನೊಂದು ತಿದ್ದುಪಡಿಯ ಮೂಲಕ ಸಾಮೂಹಿಕ ಒಡೆತನದ ಬೇರನ್ನೇ ಕತ್ತರಿಸಿತು. ನೆಲ ಸರ್ಕಾರದ್ದು, ಬೇಕಾದವರು ಒಂದು ಡಾಲರಿಗೆ ತಮ್ಮ ನಿವೇಶನ ಕೊಂಡುಕೊಳ್ಳಿ ಎಂದಿತು. ಒಂದು ಡಾಲರು ಅಗ್ಗವೆಂದು ಕಾಣಬಹುದು. ಆದರೆ ಕೊಳ್ಳಲು ಒಪ್ಪಿದ ಕ್ಷಣವೇ ಅದು ತನ್ನದಲ್ಲ ಎಂದು ಒಪ್ಪಿದಂತಾಯಿತು. ಇಂದು ಒಂದು ಡಾಲರಿಗೆ ಕೊಂಡದ್ದನ್ನು ನಾಳೆ ಹತ್ತು ಲಕ್ಷಕ್ಕೆ ಕೇಳಲು ಯಾರು ಬರುತ್ತಾರೆ ಎಂಬುದು ಆ ಜನಕ್ಕೆ ಚೆನ್ನಾಗಿ ಗೊತ್ತು. ಸುತ್ತಲಿನ ದ್ವೀಪಗಳಲ್ಲಿ ಅದು ಹೇಗೆ ನಡೆಯಿತು, ಕಡಲಂಚಿನ ಊರುಗಳು ಹೇಗೆ ಒಳನಾಡಿಗೆ ತಳ್ಳಲ್ಪಟ್ಟವು ಎಂದು ಅವರು ನೋಡಿದ್ದಾರೆ. ಆಂಟಿಗಾದಲ್ಲೇ ಹುಟ್ಟಿದ ಲೇಖಕಿ ಜಮೈಕಾ ಕಿನ್‌ಕೇಡ್ 1988ರಲ್ಲೇ ‘ಎ ಸ್ಮಾಲ್ ಪ್ಲೇಸ್’ ಎಂಬ ಪುಟ್ಟ ಪುಸ್ತಕದಲ್ಲಿ ಪ್ರವಾಸಿಯ ಮುಖಕ್ಕೆ ಹೊಡೆದಂತೆ ಇದನ್ನೆಲ್ಲ ಬರೆದಿಟ್ಟಿದ್ದಾರೆ. ಓದದವರಿಗೆ ತಿಳಿಯದಿರಬಹುದು, ಆಳುವವರಿಗೆ ತಿಳಿಯದೇ?

ಹೊಸ ವಿಮಾನ ನಿಲ್ದಾಣದ ಕೆಲಸ ನಡೆಯುವಾಗ ರನ್‌ವೇಯ ಅಡಿಯಲ್ಲಿ ಸುಣ್ಣಕಲ್ಲಿನ ಗುಹೆ ಬಾಯಿ ತೆರೆಯಿತು. ಅದು ಅಚ್ಚರಿಯ ಸಂಗತಿಯೇನಲ್ಲ. ಬಾರ್ಬುಡಾದ ನೆಲದಡಿ ಪೊಳ್ಳು ಪೊಳ್ಳಾಗಿದೆ, ಟೂ ಫುಟ್ ಬೇ ಬಳಿಯ ಗುಹೆಗಳಲ್ಲಿ ಯುರೋಪಿಯನ್ನರು ಬರುವುದಕ್ಕೂ ಎಷ್ಟೋ ಹಿಂದಿನ ಮೂಲನಿವಾಸಿಗಳು ಕೊರೆದ ಮುಖಗಳಿವೆ. ಬೇಟೆಗೆ ಹೋಗುವ ಯಾವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ. ಯಾರೂ ಕೇಳಲಿಲ್ಲ. ಜಾನ್ ಮಸಿಂಗ್ಟನ್ ಎಂಬ ಕಡಲಜೀವಿ ತಜ್ಞ ಮತ್ತು ಜ್ಯಾಕ್ಲಿನ್ ಫ್ರ್ಯಾಂಕ್ ಎಂಬ ನಿವೃತ್ತ ಶಿಕ್ಷಕಿ ನ್ಯಾಯಾಲಯಕ್ಕೆ ಹೋದರು. ಪರಿಸರದ ಮೇಲಿನ ಪರಿಣಾಮವನ್ನು ಸರಿಯಾಗಿ ಅಳೆಯದೆ ಪರವಾನಗಿ ಕೊಟ್ಟಿದ್ದೀರಿ ಎಂಬುದು ಅವರ ವಾದ. ಸರ್ಕಾರದ ಮರುವಾದ ಏನಿತ್ತು? ಈ ಇಬ್ಬರಿಗೆ ಪ್ರಶ್ನೆ ಕೇಳುವ ಅರ್ಹತೆಯೇ ಇಲ್ಲ! ಹುಟ್ಟಿ ಬೆಳೆದ ದ್ವೀಪದ ಮಣ್ಣಿನ ಬಗ್ಗೆ ಬಾಯಿ ಬಿಡಲು ಅರ್ಹತೆ ಸಾಬೀತು ಮಾಡಬೇಕೆಂದು ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. 2024ರ ಫೆಬ್ರವರಿಯಲ್ಲಿ ಅವರಿಗೆ ಆ ಅರ್ಹತೆ ಇದೆ ಎಂದು ತೀರ್ಪು ಬಂತು. ತೀರ್ಪು ಬಂದದ್ದು ಎಲ್ಲಿಂದ? ಲಂಡನ್ನಿನ ಪ್ರಿವಿ ಕೌನ್ಸಿಲ್‌ನಿಂದ. ಸ್ವಾತಂತ್ರ್ಯ ಬಂದು ನಾಲ್ಕು ದಶಕ ಕಳೆದರೂ ಆ ದೇಶದ ಕೊನೆಯ ನ್ಯಾಯಪೀಠ ಅಲ್ಲಿಯೇ, ಆ ದೇಶದ ರಾಜ ಇಂದಿಗೂ ಚಾರ್ಲ್ಸ್. ಅರ್ಹತೆಯ ತೀರ್ಪು ಕೈಗೆ ಸಿಕ್ಕ ವರ್ಷವೇ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಪ್ರಶ್ನೆ ಕೇಳಬಹುದು ಎಂಬ ಉತ್ತರ ಬರುವಷ್ಟರಲ್ಲಿ ಕಾಡು ಹೋಗಿ ಡಾಂಬರು ಬಂದಿತ್ತು.

ಅದೇ ಪೀಠ 2022ರ ಜೂನ್‌ನಲ್ಲಿ ಇನ್ನೊಂದು ತೀರ್ಪು ಕೊಟ್ಟಿತ್ತು. ಭೂ ಕಾಯ್ದೆಯ ತಿದ್ದುಪಡಿಯನ್ನು ಪ್ರಶ್ನಿಸಿದ್ದ ಬಾರ್ಬುಡಾದವರಿಗೆ, 2007ರ ಕಾಯ್ದೆ ನಿಮಗೆ ಕೊಟ್ಟ ಹಕ್ಕು ಸಂವಿಧಾನ ಕಾಪಾಡುವಂಥ ಆಸ್ತಿಹಕ್ಕು ಅಲ್ಲ ಎಂದಿತು. ಈ ತರ್ಕವನ್ನು ಅರಗಿಸಿಕೊಳ್ಳಲು ನನಗೆ ಸಾಧ್ಯವಿಲ್ಲ. ಒಂದು ಕುರಿಗೆ ಕೊಟ್ಟ 1685ರ ಗೇಣಿಪತ್ರ ಕಾನೂನು. ಮನುಷ್ಯನನ್ನು ಆಸ್ತಿಯೆಂದು ಬರೆದ ದಾಖಲೆ ಕಾನೂನು, ಅದಕ್ಕೆ ಖಜಾನೆಯಿಂದ ಪರಿಹಾರ ಬೇರೆ. ಆದರೆ ಆ ಮನುಷ್ಯರ ಮಕ್ಕಳು ನೂರೆಂಬತ್ತು ವರ್ಷ ಒಟ್ಟಾಗಿ ಉತ್ತು, ಬಿತ್ತಿ, ಹೆತ್ತು, ಹೂತು ಬಾಳಿದ ನೆಲ ಮಾತ್ರ ಯಾರಿಗೂ ಸೇರಿದ್ದಲ್ಲ, ಹಾಗಾಗಿ ರಾಜಸತ್ತೆಯದ್ದು! ರಾಜಧಾನಿ ಸೇಂಟ್ ಜಾನ್ಸ್‌ನಲ್ಲಿ ಕುಳಿತ ಸರ್ಕಾರ ಕರಿಯರದೇ ಸರ್ಕಾರ. ಅದು ವಸಾಹತುಶಾಹಿಯ ಕುರ್ಚಿಯನ್ನು ಒಡೆದು ಹಾಕಬೇಕಿತ್ತು, ಬದಲಿಗೆ ಅದರ ಮೇಲೆಯೇ ಕುಳಿತು ರಾಜಸತ್ತೆಯ ಹಕ್ಕನ್ನು ತಾನು ಚಲಾಯಿಸುತ್ತಿದೆ.

ಇದೇ ಪ್ರಧಾನಿ 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಪತ್ರ ಬರೆದರು. ಆಂಟಿಗಾದಲ್ಲಿ ಗುಲಾಮರನ್ನು ದುಡಿಸಿದ ರಾಯಲ್ ಮನೆತನದ ಹಣದಿಂದ ನಿಮ್ಮ ಕಾನೂನು ಶಾಲೆ ಹುಟ್ಟಿತು, ಪರಿಹಾರ ಕೊಡಿ ಎಂದು ಕೇಳಿದರು. ಆ ಬೇಡಿಕೆ ನೂರಕ್ಕೆ ನೂರು ನ್ಯಾಯದ್ದು. ಹಾರ್ವರ್ಡ್ ಕೊಡಬೇಕು, ಆಕ್ಸ್‌ಫರ್ಡ್ ಕೊಡಬೇಕು, ಲಂಡನ್ ಕೊಡಬೇಕು. ಆದರೆ ಗುಲಾಮರ ಮಕ್ಕಳು ಯಾರ ದಯೆಯೂ ಇಲ್ಲದೆ ತಾವೇ ಪಡೆದುಕೊಂಡ ಒಂದೇ ಒಂದು ಪರಿಹಾರ ಬಾರ್ಬುಡಾದ ನೆಲ. ಅದನ್ನು ಅವರ ಕೈಯಿಂದ ಕಿತ್ತುಕೊಂಡು ಇನ್ನೊಬ್ಬರ ಬಾಗಿಲಿಗೆ ಪರಿಹಾರ ಕೇಳಲು ಹೋಗುವವರ ಮಾತನ್ನು ನಂಬುವುದು ಹೇಗೆ?

ಈಗ ಪಾಲ್ಮೆಟ್ಟೊ ಪಾಯಿಂಟ್‌ಗೆ ಬರೋಣ. ದ್ವೀಪದ ನೈಋತ್ಯದ ಮೂಲೆ ಅದು, ನಸುಗೆಂಪು ಮರಳಿನ ತೀರ. ಅಲ್ಲಿ ಅಮೆರಿಕದ ಕೂದಲು ಪ್ರಸಾಧನ ಮತ್ತು ಮದ್ಯದ ಕುಬೇರ ಜಾನ್ ಪಾಲ್ ಡಿಜೋರಿಯಾರ ಕಂಪನಿ ಬಾರ್ಬುಡಾ ಓಶನ್ ಕ್ಲಬ್ ಎಂಬ ಖಾಸಗಿ ಬಡಾವಣೆ ಕಟ್ಟುತ್ತಿದೆ. ಕಂಪನಿಯ ಹೆಸರಿನಲ್ಲಿ ಶಾಂತಿ, ಪ್ರೀತಿ, ಸಂತೋಷ ಎಂಬ ಮೂರು ಪದಗಳಿವೆ. ಬಂಗಲೆಗಳು, ಜೊತೆಗೆ ಗಾಲ್ಫ್ ಮೈದಾನ. ಈ ಜಾಗ ಕಾಡ್ರಿಂಗ್ಟನ್ ಕೊಳದ ರಾಷ್ಟ್ರೀಯ ಉದ್ಯಾನದ ಮಗ್ಗುಲಲ್ಲೇ ಇದೆ. ಆ ಕೊಳ 2005ರಿಂದ ರಾಮ್ಸಾರ್ ಒಪ್ಪಂದದಡಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲ. ಪಶ್ಚಿಮ ಗೋಳಾರ್ಧದಲ್ಲಿ ಫ್ರಿಗೇಟ್ ಹಕ್ಕಿಗಳ ಅತಿ ದೊಡ್ಡ ನೆಲೆಗಳಲ್ಲೊಂದು ಅಲ್ಲಿನ ಕಾಂಡ್ಲಾ ಗಿಡಗಳ ಮೇಲಿದೆ. ಗಂಡುಹಕ್ಕಿಗಳು ಗಂಟಲ ಕೆಂಪು ಚೀಲವನ್ನು ಊದಿಸಿಕೊಂಡು ಕೂತಾಗ ಇಡೀ ಕಾಡಿಗೆ ಹೂ ಬಿಟ್ಟಂತಿರುತ್ತದೆ. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ, ಈ ಒಂದೇ ದ್ವೀಪದಲ್ಲಿರುವ ಬಾರ್ಬುಡಾ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿ ಸುತ್ತಲಿನ ಪೊದೆಗಾಡಿನಲ್ಲಿ ಬದುಕುತ್ತದೆ. ಇರ್ಮಾದ ಹೊಡೆತವನ್ನೂ ಅದು ತಾಳಿಕೊಂಡಿತು.

ಮರಳಿನ ದಿಬ್ಬ ಎಂದರೆ ಬರಿಯ ಮರಳಲ್ಲ. ಚಪ್ಪಟೆ ದ್ವೀಪಕ್ಕೆ ಅದೇ ಕೋಟೆಗೋಡೆ. ಬಿರುಗಾಳಿಗೆ ಕಡಲು ಉಬ್ಬಿ ಬಂದಾಗ ಮೊದಲು ಎದೆಯೊಡ್ಡುವುದು ದಿಬ್ಬ, ಆಮೇಲೆ ಕಾಂಡ್ಲಾ. ದಿಬ್ಬದ ಹಿಂದೆ, ಉಪ್ಪುನೀರಿನ ಮೇಲೆ ತೇಲುವ ತೆಳ್ಳನೆಯ ಪದರವಾಗಿ, ಮಳೆಯ ಸಿಹಿನೀರು ನೆಲದಡಿಯಲ್ಲಿ ನಿಂತಿರುತ್ತದೆ. ಬಾವಿಗಳಿಗೆ, ದನಕರುಗಳಿಗೆ ಅದೇ ಆಧಾರ. ದಿಬ್ಬವನ್ನು ಸಪಾಟು ಮಾಡಿ, ಹುಲ್ಲು ಹಾಸಿ, ದಿನವೂ ನೀರುಣಿಸಿ, ಗೊಬ್ಬರ ಕೀಟನಾಶಕ ಎರಚಿದರೆ ಅದೆಲ್ಲ ರಂಧ್ರಗಳ ಸುಣ್ಣಕಲ್ಲಿನ ಮೂಲಕ ಇಳಿದು ಸೇರುವುದು ಆ ನೀರಿಗೆ, ಕೊಳಕ್ಕೆ, ಲಾಬ್‌ಸ್ಟರ್ ಮರಿಗಳು ಬೆಳೆಯುವ ಕಡಲಹುಲ್ಲಿಗೆ. ಇರ್ಮಾ ಬಂದಾಗ ಕೊಳದ ಪಶ್ಚಿಮದ ಮರಳಗೋಡೆ ಒಡೆದು ಕಡಲು ಒಳನುಗ್ಗಿತ್ತು. ಅಂಥದ್ದನ್ನು ಕಣ್ಣಾರೆ ಕಂಡಮೇಲೂ ದಿಬ್ಬಗಳ ಮೇಲೆ ಗಾಲ್ಫ್ ಆಡಲು ಹೊರಡುವುದು ತಿಳಿಗೇಡಿತನ ಎಂದರೆ ಸಾಲದು. ಮುಂದಿನ ಇರ್ಮಾ ಬಂದಾಗ ಬಂಗಲೆಯ ಮಾಲೀಕರು ಹೊಸ ನಿಲ್ದಾಣದಿಂದ ಖಾಸಗಿ ಜೆಟ್ ಏರಿ ಮಿಯಾಮಿಗೆ ಹೋಗುತ್ತಾರೆ. ಕಾಡ್ರಿಂಗ್ಟನ್ ಊರಿನ ಜನ ಎಲ್ಲಿಗೆ ಹೋಗಬೇಕು? ಮತ್ತೆ ಕ್ರೀಡಾಂಗಣಕ್ಕೆ?

ದಿಬ್ಬಗಳಿಗೆ ಮೊದಲ ಗಾಯ ಮಾಡಿದವರು ಈ ಕಂಪನಿಗಳಲ್ಲ ಎಂಬುದು ನಿಜ. ಪಾಲ್ಮೆಟ್ಟೊ ಪಾಯಿಂಟ್‌ನ ಮರಳನ್ನು ದಶಕಗಟ್ಟಲೆ ಅಗೆದು ನೆರೆದ್ವೀಪಗಳಿಗೆ ಮಾರಿದ್ದಾರೆ, ಅದರಲ್ಲಿ ದ್ವೀಪದ ಸ್ಥಳೀಯ ಆಡಳಿತವಾದ ಬಾರ್ಬುಡಾ ಕೌನ್ಸಿಲ್‌ನ ಪಾಲೂ ಇತ್ತು. ಬಾರ್ಬುಡಾದವರೆಲ್ಲ ಒಂದೇ ಮನಸ್ಸಿನವರೂ ಅಲ್ಲ. ಕೆಲಸ ಬೇಕು, ಸಂಬಳ ಬೇಕು, ಮಗ ಆಂಟಿಗಾಕ್ಕೋ ಇಂಗ್ಲೆಂಡಿನ ಲೆಸ್ಟರ್‌ಗೋ ವಲಸೆ ಹೋಗದೆ ಕಣ್ಣೆದುರೇ ಇರಬೇಕು ಎಂದು ರೆಸಾರ್ಟ್‌ಗಳ ಪರ ನಿಂತವರಿದ್ದಾರೆ. ಅವರನ್ನು ನಾನು ದೂರುವುದಿಲ್ಲ. ಹಸಿದವನ ಮುಂದೆ ಒಂದೇ ತಟ್ಟೆ ಇಟ್ಟು ಅದನ್ನು ಅವನ ಆಯ್ಕೆ ಎನ್ನುವವರನ್ನು ದೂರುತ್ತೇನೆ. ಮೀನುಗಾರಿಕೆಗೆ ಶೀತಲಗೃಹ ಕಟ್ಟಿಕೊಡಲು, ಬಿದ್ದ ಮನೆಗಳನ್ನು ಬೇಗ ಎತ್ತಲು, ಊರವರೇ ನಡೆಸುವ ಸಣ್ಣ ವಸತಿಗೃಹಗಳಿಗೆ ಸಾಲ ಕೊಡಲು ಸಿಗದ ಉತ್ಸಾಹ ರನ್‌ವೇಗೆ ಎಲ್ಲಿಂದ ಬಂತು? ಜನ ಪ್ರವಾಸೋದ್ಯಮವನ್ನೇ ಬೇಡವೆಂದವರಲ್ಲ. ಕೊಳದಲ್ಲಿ ದೋಣಿ ನಡೆಸಿ ಹಕ್ಕಿ ತೋರಿಸಿ, ತಮ್ಮ ಮನೆಯಂಗಳದಲ್ಲಿ ಲಾಬ್‌ಸ್ಟರ್ ಸುಟ್ಟು ಬಡಿಸಿ ಅತಿಥಿಗಳನ್ನು ನೋಡಿಕೊಂಡವರು ಅವರು. ಬಂದವರು ಸಂಜೆಗೆ ಹೋಗುತ್ತಿದ್ದರು, ನೆಲ ಉಳಿಯುತ್ತಿತ್ತು.

ಸರ್ಕಾರಕ್ಕೆ ಹಣ ಬೇಕಿತ್ತು ಎನ್ನುತ್ತಾರೆ. ಹಣದ ದಾರಿಗಳನ್ನೂ ನೋಡೋಣ, ಅದರಲ್ಲಿ ಭಾರತದ ನಂಟೊಂದಿದೆ. ಆಂಟಿಗಾ ಮತ್ತು ಬಾರ್ಬುಡಾ 2013ರಿಂದ ಹಣ ಹೂಡಿದವರಿಗೆ ಪೌರತ್ವ ಕೊಡುತ್ತದೆ. ಇರ್ಮಾ ಬಂದ ಮುಂದಿನ ತಿಂಗಳು ಆ ದರವನ್ನು ಎರಡು ಲಕ್ಷ ಡಾಲರಿನಿಂದ ಒಂದು ಲಕ್ಷಕ್ಕೆ ಇಳಿಸಿದರು. ನಮ್ಮ ಬ್ಯಾಂಕಿನ ಸಾವಿರಾರು ಕೋಟಿ ವಂಚನೆಯ ಆರೋಪ ಹೊತ್ತ ವಜ್ರದ ವ್ಯಾಪಾರಿ ಮೆಹುಲ್ ಚೋಕ್ಸಿಗೆ ಆ ದೇಶದ ಪೌರತ್ವ ದೊರೆತದ್ದು 2017ರ ನವೆಂಬರ್‌ನಲ್ಲಿ. ಆ ನವೆಂಬರ್‌ನಲ್ಲಿ ಬಾರ್ಬುಡಾದ ಜನರ ಸ್ಥಿತಿ ನೆನಪಿಸಿಕೊಳ್ಳಿ. ಮನೆ ಇಲ್ಲ, ಊರಿಲ್ಲ, ಸಂಸತ್ತಿನಲ್ಲಿ ಅವರ ನೆಲದ ಹಕ್ಕನ್ನು ಅಳಿಸುವ ಮಸೂದೆ ಸಿದ್ಧವಾಗುತ್ತಿದೆ. ಆ ನೆಲದಲ್ಲಿ ಹುಟ್ಟದವನು ಹಣ ಕಟ್ಟಿ ಪ್ರಜೆಯಾದ. ಅದೇ ನೆಲದಲ್ಲಿ ಎಂಟು ತಲೆಮಾರು ಹೂಳಲ್ಪಟ್ಟವರು ಒಂದು ಡಾಲರ್ ಕೊಟ್ಟು ಕೊಳ್ಳಬೇಕೆಂದು ಹೇಳಿಸಿಕೊಂಡರು.

ಡಿ ನೀರೋ ಆಗಲಿ ಡಿಜೋರಿಯಾ ಆಗಲಿ ಚಾಟಿ ಹಿಡಿದು ಬಂದವರಲ್ಲ. ಪರಿಸರದ ಬಗ್ಗೆ, ಉದ್ಯೋಗದ ಬಗ್ಗೆ ಒಳ್ಳೆಯ ಮಾತನ್ನೇ ಆಡುತ್ತಾರೆ, ಚಂಡಮಾರುತದ ನಂತರ ನೆರವಿನ ಮಾತನ್ನೂ ಆಡಿದರು. ಆದರೆ ಒಳ್ಳೆಯ ಮಾತಿಗೂ ಒಂದು ಪರೀಕ್ಷೆ ಇದೆ. ಜನರ ಒಪ್ಪಿಗೆ ಬೇಕು ಎಂದು ಹೇಳುವ ಕಾಯ್ದೆಯನ್ನು ಬದಿಗೊತ್ತದಿದ್ದರೂ ನಾವು ಬರುತ್ತಿದ್ದೆವು ಎಂದು ಒಬ್ಬರಾದರೂ ಹೇಳಿದ್ದಾರೆಯೇ? ನಮಗಾಗಿ ಪ್ರತ್ಯೇಕ ಕಾಯ್ದೆ ಬೇಡ, ಬಾರ್ಬುಡಾದವರ ಕಾಯ್ದೆಯೇ ಸಾಕು ಎಂದಿದ್ದಾರೆಯೇ? ಅಷ್ಟು ಹೇಳಿದ್ದರೆ ಅವರ ಸಜ್ಜನಿಕೆಯನ್ನು ಒಪ್ಪುತ್ತಿದ್ದೆ.

ಪ್ರವಾಸ ಪತ್ರಿಕೆಗಳು ಬಾರ್ಬುಡಾವನ್ನು ಯಾರೂ ಮುಟ್ಟದ ದ್ವೀಪ, ಕೆರಿಬಿಯನ್‌ನ ಕೊನೆಯ ಕನ್ಯಾತೀರ ಎಂದು ಹೊಗಳುತ್ತವೆ. ಮುಟ್ಟಿದ ಕೈಗಳನ್ನು ಅಳಿಸಿಹಾಕುವ ಹೊಗಳಿಕೆ ಅದು. ಆ ತೀರ ಖಾಲಿ ಇದ್ದದ್ದು ತಾನಾಗಿಯೇ ಅಲ್ಲ. ಅದನ್ನು ಜನ ಖಾಲಿ ಇಟ್ಟಿದ್ದರು. ಯಾರೂ ಒಬ್ಬರೇ ಕಬಳಿಸಬಾರದೆಂಬ ಒಪ್ಪಂದದಿಂದ, ಮಕ್ಕಳ ಮಕ್ಕಳಿಗೂ ಇರಬೇಕೆಂಬ ಹಟದಿಂದ, ಸುಮಾರು ಇನ್ನೂರು ವರ್ಷ ಖಾಲಿ ಇಟ್ಟಿದ್ದರು. ಈಗ ಕುಬೇರರು ಕೋಟಿಗಟ್ಟಲೆ ಸುರಿದು ಕೊಳ್ಳುತ್ತಿರುವ ಚೆಲುವು ಆ ಜನರ ಒಟ್ಟೊಡೆತನದ ಫಲ. ಫಲ ಬೇಕು, ಮರ ಬೇಡ ಎನ್ನುವವರಿಗೆ ನಾಳೆ ಎರಡೂ ಇರುವುದಿಲ್ಲ.

ಹಾಕಿದ ಡಾಂಬರನ್ನು ನಾಳೆಯೇ ಕಿತ್ತೆಸೆಯಲು ಯಾರಿಂದಲೂ ಆಗದು. ಆದರೆ ಆಗುವಂಥದ್ದು ಬೇಕಾದಷ್ಟಿದೆ. 2007ರ ಭೂ ಕಾಯ್ದೆಯನ್ನು ಆಂಟಿಗಾದ ಸಂಸತ್ತು ಒಂದೇ ಅಧಿವೇಶನದಲ್ಲಿ ಮರಳಿ ತರಬಹುದು, ತಂದು ಸಂವಿಧಾನದೊಳಗೇ ಕೂರಿಸಬಹುದು. ಪಾಲ್ಮೆಟ್ಟೊ ಪಾಯಿಂಟ್‌ನಲ್ಲಿ ಇನ್ನೂ ಉಳಿದಿರುವ ದಿಬ್ಬಗಳ ಮೇಲಿನ ಕೆಲಸವನ್ನು ನಿಲ್ಲಿಸಬಹುದು. ಪ್ರತಿ ಯೋಜನೆಯ ಪರಿಸರ ವರದಿಯನ್ನು ಕಾಡ್ರಿಂಗ್ಟನ್ ಊರಿನ ಬಯಲಿನಲ್ಲಿ, ಜನರೆದುರು ಓದಿ ಮತಕ್ಕೆ ಹಾಕಬಹುದು. ರಾಮ್ಸಾರ್ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಆ ಕೊಳದ ಬಗ್ಗೆ ಲೆಕ್ಕ ಕೇಳಬಹುದು. ಹಡಗುಕಟ್ಟೆಯನ್ನು ವಿಶ್ವಪರಂಪರೆ ಎಂದ ಯುನೆಸ್ಕೋಗೆ ಅದನ್ನು ಕಟ್ಟಿದವರ ವಂಶದವರು ಒಟ್ಟಾಗಿ ಕಾಪಾಡಿದ ನೆಲವೂ ಪರಂಪರೆಯೇ ಎಂದು ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಆಲ್ ಸೋಲ್ಸ್‌ನ ಗ್ರಂಥಾಲಯಕ್ಕೆ ಬಂದ ಹತ್ತು ಸಾವಿರ ಪೌಂಡ್ ಮುನ್ನೂರು ವರ್ಷದಲ್ಲಿ ಎಷ್ಟಾಗಿ ಬೆಳೆದಿದೆಯೋ ಅಷ್ಟನ್ನೂ ಬಾರ್ಬುಡಾದವರ ನ್ಯಾಯಾಲಯದ ಖರ್ಚಿಗೆ, ಬಿದ್ದ ಮನೆಗಳ ಸೂರಿಗೆ ಕೊಡಬಹುದು. ಮಸಿಂಗ್ಟನ್ ಮತ್ತು ಫ್ರ್ಯಾಂಕ್ ಲಂಡನ್ನಿನವರೆಗೆ ಹೋಗಿ ಪ್ರಶ್ನೆ ಕೇಳುವ ಹಕ್ಕು ಗೆದ್ದು ತಂದಿದ್ದಾರೆ. ಇನ್ನು ಉತ್ತರ ಕೊಡಬೇಕಾದವರು ಸೇಂಟ್ ಜಾನ್ಸ್‌ನ ಸರ್ಕಾರ, ಅದರ ಬೆನ್ನಿಗೆ ನಿಂತ ಕಂಪನಿಗಳು, ಮತ್ತು ಕುರಿಯೊಂದರ ಗೇಣಿಗೆ ಆ ದ್ವೀಪವನ್ನು ಕೊಟ್ಟ ಸಿಂಹಾಸನ.